ಊದುವವನಿಗೆ ಎಳೆಯುವುದನ್ನು ಕಲಿಸಿದ್ದು

ಆಶ್ರಮ ಅಂದರೆ ಪರ್ಣಕುಟಿಯೇ ಆಗಿರಬೇಕು ಅಂತ ಯಾರೂ ಬರೆದಿಟ್ಟಿಲ್ಲ. ಈ ಕಥೆಯ ಆಶ್ರಮಕ್ಕೆ ಕಬ್ಬಿಣದ ಶಟರ್ ಇತ್ತು. ತುಂಗಭದ್ರೆಯ ದಂಡೆಯ ಸಣ್ಣ ಊರೊಂದರ ಔಷಧಿ ಅಂಗಡಿ ಅದು.

ಗುರುವಿನ ಹೆಸರು ಅಂದಾನಯ್ಯ. ವಯಸ್ಸು ಎಪ್ಪತ್ತು. ಮೀಸೆ ಮಾತ್ರ ಪೈಲ್ವಾನನದು.

ಅವರಿಗೊಂದು ಅಭ್ಯಾಸ. ಯಾರು ಬಂದರೂ ಕೌಂಟರಿನ ಹಲಗೆ ಎತ್ತಿ ಹೊರಗೆ ಬಂದು, ಬೆಂಚಿನ ಮೇಲೆ ಅವರ ಪಕ್ಕದಲ್ಲಿ ಕೂರುತ್ತಿದ್ದರು. ಬಿ.ಪಿ. ನೋಡುತ್ತಿದ್ದರು. ಕೂಸಿಗೆ ಲಸಿಕೆ ಹಾಕಿಸಿದಿರಾ ಎಂದು ಕೇಳುತ್ತಿದ್ದರು. ಎರಡು ನಿಮಿಷದ ಕೆಲಸಕ್ಕೆ ಇಪ್ಪತ್ತು ನಿಮಿಷ ಹಿಡಿಯುತ್ತಿತ್ತು.

ಶಿಷ್ಯೆ ಹುಲಿಗೆಮ್ಮ. ಫಾರ್ಮಸಿ ಪರೀಕ್ಷೆಯಲ್ಲಿ ರ‍್ಯಾಂಕ್ ಬಂದವಳು, ಕೆಲಸ ಕಲಿಯಲು ಸೇರಿ ಮೂರು ತಿಂಗಳಾಗಿತ್ತು. ಕಣ್ಣು ಮುಚ್ಚಿಕೊಂಡು ಕೈ ಹಾಕಿದರೂ ಬೇಕಾದ ಡಬ್ಬಿಯೇ ಸಿಗುತ್ತಿತ್ತು. ಅದು ಅವಳಿಗೂ ಚೆನ್ನಾಗಿ ಗೊತ್ತಿತ್ತು.

ಒಂದು ದಿನ ಅವಳು ಕೇಳಿದಳು.

"ಸರ, ಚೀಟಿ ಬರಿಯೋದು ಡಾಕ್ಟರ ಕೆಲಸ. ಚೀಟಿ ನೋಡಿ ಔಷಧಿ ಕೊಡೋದು ನಮ್ಮ ಕೆಲಸ. ಕೊಟ್ಟ ಮ್ಯಾಲೆ ನಮ್ಮ ಕೆಲಸ ಮುಗೀತಲ್ರಿ?"

"ಮುಟ್ಟಬೇಕಾದಲ್ಲಿ ಮುಟ್ಟಿತೇನು?"

"ಕೈಗೇ ಕೊಟ್ಟೀನಲ್ರಿ."

"ಕೈಗೆ ಜಡ್ಡು ಬಂದಿತ್ತೇನು?"

ಇಷ್ಟು ಹೇಳಿ ಅಂದಾನಯ್ಯನವರು ತಮ್ಮ ಕಣ್ಣಿನ ಹನಿಯ ಸೀಸೆ ಹಿಡಿದು ಕಪಾಟಿನ ಹಿಂದೆ ಹೋದರು. ಎರಡು ವರ್ಷದಿಂದ ಹಾಕಿಕೊಳ್ಳುತ್ತಿದ್ದರು. ಕಣ್ಣಿನೊಳಗಿನ ಒತ್ತಡ ಮಾತ್ರ ಇಳಿದಿರಲಿಲ್ಲ. ಹೋದಾಗಲೆಲ್ಲ ಕಣ್ಣಿನ ಡಾಕ್ಟರು ತಲೆ ಆಡಿಸುತ್ತಿದ್ದರು. ಸ್ವಲ್ಪ ಹೊತ್ತಿಗೆ ಟವೆಲಿನಿಂದ ಮುಖ ಒರೆಸಿಕೊಳ್ಳುತ್ತ ಹೊರಗೆ ಬಂದರು.

ಆಗಲೇ ಮೆಟ್ಟಿಲ ಮೇಲೆ ಸುಂಯ್ ಸುಂಯ್ ಎಂಬ ಸದ್ದು ಕೇಳಿಸಿತು. ಅಕ್ಕಸಾಲಿ ಕಾಳಪ್ಪ ಪತ್ತಾರ ಬಂದಿದ್ದ. ಅವನಿಗಿಂತ ಮೊದಲು ಅವನ ದಮ್ಮು ಅಂಗಡಿಯೊಳಗೆ ಬರುತ್ತಿತ್ತು.

ಚೀಟಿಯಲ್ಲಿ ಹಳೆಯ ಔಷಧಿಯೇ ಇತ್ತು, ಸಣ್ಣ ಕೊಳವೆಯೊಳಗೆ ಗುಳಿಗೆ ಇಟ್ಟು ಅದರ ಪುಡಿಯನ್ನು ಉಸಿರಿನ ಜೊತೆ ಎಳೆದುಕೊಳ್ಳುವಂಥದ್ದು. ಕೆಳಗೆ ಡಾಕ್ಟರು ಹೊಸದಾಗಿ ಒಂದು ಸಾಲು ಬರೆದಿದ್ದರು: ಒಂದು ವಾರದಲ್ಲಿ ದಮ್ಮು ಇಳಿಯದಿದ್ದರೆ ಹುಬ್ಬಳ್ಳಿಗೆ, ದೊಡ್ಡ ಆಸ್ಪತ್ರೆಗೆ.

"ಹುಬ್ಬಳ್ಳಿಗೆ ಹ್ಯಾಂಗ ಹೋಗ್ಲಿ?" ಎಂದ ಕಾಳಪ್ಪ. "ಇಪ್ಪತ್ತು ದಿನಕ್ಕ ಮೊಮ್ಮಗಳ ಕಿವಿ ಚುಚ್ಚೋದೈತಿ. ನಮ್ಮ ಮನ್ಯಾಗ ಹುಟ್ಟಿದ ಕೂಸಿಗೆ ಮನಿ ಹಿರ‍್ಯಾನ ರಿಂಗು ಮಾಡಬೇಕು, ಅವನ ಕೊಳವಿಲೆ ದೀಪದ ಉರಿ ಊದಿ ಬೆಸಿಗಿ ಹಾಕಬೇಕು. ನಮ್ಮಪ್ಪ ಮಾಡ್ಯಾನ, ಅವರಪ್ಪ ಮಾಡ್ಯಾನ. ನಾನು ಪ್ಯಾಟ್ಯಾಗಿಂದು ತಂದು ಹಾಕ್ಲೇನು? ಎಲ್ಡು ಸಲ ಊದಿದ್ರ ಕಣ್ಣಿಗೆ ಕತ್ತಲಿ ಬರ್ತೈತಿ."

ಹುಲಿಗೆಮ್ಮ ಔಷಧಿ ಕೊಟ್ಟಳು. ಸಾವಧಾನವಾಗಿ ಹೇಳಿದಳು. "ಅಜ್ಜಾರ, ಗುಳಿಗಿ ಕೊಳವಿಯೊಳಗ ಇಡ್ರಿ. ಮುಚ್ಚಿ ಒತ್ರಿ. ಬಾಯಾಗ ಇಟಗೊಂಡು ಜೋರಾಗಿ ಒಳಗ ಎಳೀರಿ. ತಿಳೀತ್ರಿ?"

"ತಿಳೀತವ್ವ."

ಅವನು ಹೋದ ಮೇಲೆ ಅವಳೆಂದಳು. "ಮೂರು ತಿಂಗಳಾತು, ಮೂರು ಸಲ ಹೇಳೀನಿ ಸರ. ಈ ಔಷಧಿ ಅವರಿಗೆ ಸಾಲವಲ್ದು."

"ನಾಳೆ ಅಂಗಡಿಗೆ ಬರಬ್ಯಾಡ," ಎಂದರು ಗುರು.

"ಯಾಕ್ರಿ ಸರ?"

"ಕಾಳಪ್ಪನ ಮನಿಗೆ ಹೋಗು. ಊದೋದು ಕಲ್ತು ಬಾ."

"ಔಷಧಿ ಅಂಗಡ್ಯಾಗ ಊದೋದು ಏನ ಕೆಲಸಕ್ಕ ಬರ್ತೈತ್ರಿ?"

"ಕಲ್ತು ಬಂದು ನೀನ ಹೇಳು."

ರ‍್ಯಾಂಕ್ ಬಂದವಳಿಗೆ ಇದು ಸಿಟ್ಟು ಬರುವಂಥ ಮಾತೇ. ಬಂತು ಕೂಡ. ಆದರೂ ಮರುದಿನ ಬೆಳಿಗ್ಗೆ ಪತ್ತಾರನ ಮನೆಗೆ ಹೋದಳು.

ಕಾಳಪ್ಪ ಖುಷಿಯಾದ. ಯಾರಾದರೂ ಕಲಿಯಲು ಬಂದು ಎಷ್ಟು ವರ್ಷವಾಗಿತ್ತೋ. ದೀಪ ಹಚ್ಚಿ, ತೊಳೆದ ಊದುಗೊಳವೆಯೊಂದನ್ನು ಅವಳ ಕೈಗೆ ಕೊಟ್ಟ.

"ಗಲ್ಲ ತುಂಬಿಸಿಕೋ. ಗಲ್ಲದಾಗಿನ ಗಾಳಿ ಊದು. ಅದು ತೀರೂದ್ರಾಗ ಮೂಗಿಲೆ ಹೊಸಾ ಗಾಳಿ ತಗೋ. ಉರಿ ಸೂಜಿ ಹಂಗ ಆಗಿ ಬೆಸಿಗಿ ಮ್ಯಾಲೆ ಕುಂದ್ರಬೇಕು. ತಿಳೀತೇನವ್ವ?"

"ತಿಳೀತ್ರಿ ಅಜ್ಜಾರ."

ಊದಿದಳು. ದೀಪ ಆರಿತು.

ಮತ್ತೆ ಹಚ್ಚಿದ. ಮತ್ತೆ ಆರಿತು. ಮೂರನೆಯ ಸಲ ದೀಪ ಉಳಿಯಿತು, ಅವಳಿಗೇ ಕೆಮ್ಮು ಬಂತು.

ಕಾಳಪ್ಪ ತೊಡೆ ತಟ್ಟಿಕೊಂಡು ನಕ್ಕ. "ತಿಳೀತು ಅಂದಿ?"

"ತಿಳಿದಿತ್ರಿ. ಬಾಯಿ ಕೇಳವಲ್ದು."

ಹಾಗೆಂದವಳು ಊದುಗೊಳವೆ ಕೆಳಗಿಡಲು ತಿರುಗಿದಳು. ದೀಪದ ಪಕ್ಕದಲ್ಲಿ ಅವಳೇ ಕೊಟ್ಟ ಔಷಧಿಯ ಕೊಳವೆ ಇತ್ತು. ಅದು ಇದ್ದದ್ದು ಊದುಗೊಳವೆಗಳ ಸಾಲಿನಲ್ಲಿ.

"ಅಜ್ಜಾರ, ನೀವು ಔಷಧಿ ಹೆಂಗ ತಗೋತೀರಿ, ನನ್ನ ಮುಂದ ಒಂದೀಟು ತಗೊಂಡು ತೋರಸ್ರಿ."

ಕಾಳಪ್ಪ ನೆಟ್ಟಗೆ ಕೂತ. ಗುಳಿಗೆ ಇಟ್ಟ, ಮುಚ್ಚಿದ, ಒತ್ತಿದ. ಒಂದೂ ತಪ್ಪಲಿಲ್ಲ. ಕೊಳವೆಯನ್ನು ಬಾಯಲ್ಲಿ ಹಿಡಿದು, ಐವತ್ತು ವರ್ಷದ ಅನುಭವವನ್ನೆಲ್ಲ ಒಟ್ಟುಗೂಡಿಸಿ, ಊದಿದ.

ಬಿಳಿ ಪುಡಿ ಭುಸ್ಸೆಂದು ಹಾರಿ ಹುಲಿಗೆಮ್ಮನ ಮೂಗಿನ ಮೇಲೆ ಕೂತಿತು.

"ನೋಡವ್ವ, ಎಷ್ಟು ಚಂದ ಹೊಗಿ ಬರ್ತೈತಿ," ಎಂದ ಕಾಳಪ್ಪ ಹೆಮ್ಮೆಯಿಂದ.

ಅವಳಿಗೆ ನಗು ತಡೆಯಲಾಗಲಿಲ್ಲ. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. ಮೂರು ತಿಂಗಳ ಔಷಧಿಯೆಲ್ಲ ದೀಪಕ್ಕೆ ಹೋಗಿತ್ತು. ದಮ್ಮು ಇದ್ದದ್ದು ದೀಪಕ್ಕಲ್ಲವಲ್ಲ. ಯಾಕೆ ನಗುತ್ತಾಳೆಂದು ತಿಳಿದ ಮೇಲೆ ಕಾಳಪ್ಪನೂ ನಕ್ಕ, ನಗುತ್ತಲೇ ಕೆಮ್ಮಿದ.

"ಎಳಿ ಅಂತ ನೀ ಹೇಳಿದ್ದು ಖರೇನವ್ವ. ಕೊಳವಿ ತುಟಿಗೆ ಹತ್ತಿತಂದ್ರ ಈ ಬಾಯಿಗೆ ಊದೋದೊಂದ ಗೊತ್ತು."

ಬಾಯಿಗೆ ಹೊಸದು ಕಲಿಸಬೇಕಿತ್ತು. ಹುಲಿಗೆಮ್ಮ ಸುತ್ತ ನೋಡಿದಳು. ಬಂಗಾರ ಸುತ್ತಿಡುವ ಗುಲಾಬಿ ಕಾಗದ ಕಂಡಿತು. ಅದರ ಚೂರೊಂದನ್ನು ಅಂಗೈ ಮೇಲಿಟ್ಟು, ಗೂಡಿನಲ್ಲಿದ್ದ ಎಳನೀರಿನ ಸ್ಟ್ರಾ ಒಂದನ್ನು ತೊಳೆದು ಅವನ ಬಾಯಿಗೆ ಕೊಟ್ಟಳು.

"ಇದನ್ನ ಎತ್ರಿ ಅಜ್ಜಾರ. ಕೈ ಹಚ್ಚಬಾರ್ದು."

ಮೊದಲನೆಯ ಸಲ ಕಾಗದ ಹಾರಿ ಬಾಗಿಲು ದಾಟಿತು. ಎರಡನೆಯ ಸಲವೂ ಹಾರಿತು. ಐದನೆಯ ಸಲ ಸ್ಟ್ರಾದ ತುದಿಗೆ ಅಂಟಿಕೊಂಡು ಮೇಲೆದ್ದಿತು. ಕಾಳಪ್ಪ ಅದನ್ನು ಬೀಳಿಸದೆ ಹಾಗೇ ಹಿಡಿದು, ಕಣ್ಣಲ್ಲೇ ಅವಳಿಗೆ ತೋರಿಸಿದ.

ಹೊಸ ಗುಳಿಗೆ ಇಟ್ಟರು. ಈ ಸಲ ಗುಳಿಗೆ ಕೊಳವೆಯೊಳಗೆ ಗಿರ್ರೆಂದು ತಿರುಗಿತು. ಹೊರಗೆ ಒಂದು ಚಿಟಿಕೆ ಪುಡಿಯೂ ಬರಲಿಲ್ಲ.

"ಉಸಿರು ಹಿಡೀರಿ. ಈಗ ಬಿಡ್ರಿ. ನೀರು ತಗೊಂಡು ಬಾಯಿ ಮುಕ್ಕಳಿಸ್ರಿ. ಇನ್ನಮ್ಯಾಲೆ ಇದು ಊದುಗೊಳವಿ ಸಾಲಿನ್ಯಾಗ ಬ್ಯಾಡ, ಅಡಗಿ ಮನ್ಯಾಗ ತಾಟು ಗಂಗಾಳದ ಜೋಡಿ ಇಡ್ರಿ. ಆ ಕಿಟಕಿ ತಗದ ಕುಂದರ್ರಿ."

ಅಂಗಡಿಗೆ ಮರಳಿ ಡಾಕ್ಟರಿಗೆ ಫೋನ್ ಮಾಡಿದಳು. ಕಾಳಪ್ಪ ಔಷಧಿಯನ್ನು ಊದುತ್ತಿದ್ದುದನ್ನು ಹೇಳಿದಳು. ಆ ಕಡೆಯಿಂದ ದೊಡ್ಡ ನಗು.

"ಊದಾಕತ್ತಿದ್ರಾ? ನಾ ಅದನ್ನ ಕೇಳೇ ಇಲ್ಲವಲ್ಲ. ಹುಬ್ಬಳ್ಳಿ ಸದ್ಯ ಬ್ಯಾಡ. ವಾರದ ಮ್ಯಾಲೆ ಅವರನ್ನ ಕಳಸ್ರಿ, ನೋಡ್ತೀನಿ. ನಡುವ ದಮ್ಮು ಜಾಸ್ತಿ ಆದ್ರ ಆಗಿಂದಾಗ ಕಳಸ್ರಿ."

ಅವಳು ದಿನವೂ ಅಂಗಡಿಗೆ ಬರುವಾಗ ಪತ್ತಾರನ ಬಾಗಿಲಲ್ಲಿ ನಿಂತು ಗಿರ್ರೆನ್ನುವ ಸದ್ದು ಕೇಳಿಕೊಂಡೇ ಬರುತ್ತಿದ್ದಳು. ವಾರದ ಮೇಲೆ ಡಾಕ್ಟರು ಎದೆ ಪರೀಕ್ಷಿಸಿ, ಕಿಟಕಿ ತೆರೆದಿಟ್ಟು ಸ್ವಲ್ಪ ಸ್ವಲ್ಪ ಊದಬಹುದು ಎಂದರು. ಹುಬ್ಬಳ್ಳಿಯ ಸಾಲನ್ನು ಹೊಡೆದು ಹಾಕಿದರು.

ಇಪ್ಪತ್ತೊಂದನೆಯ ದಿನ ಕಾಳಪ್ಪ ಅಂಗಡಿಯ ಮೆಟ್ಟಿಲನ್ನು ಎಲ್ಲಿಯೂ ನಿಲ್ಲದೆ ಹತ್ತಿದ. ಸುಂಯ್ ಎನ್ನುವ ಸದ್ದಿರಲಿಲ್ಲ. ಕಂಕುಳಲ್ಲಿ ಮೊಮ್ಮಗಳಿದ್ದಳು. ಅವಳ ಎರಡೂ ಕಿವಿಯಲ್ಲಿ ಅಕ್ಕಿಕಾಳಿನ ದಪ್ಪದ ಬಂಗಾರದ ರಿಂಗು.

"ನಾನ ಊದಿದ್ದು," ಎಂದ. ಹುಲಿಗೆಮ್ಮನ ಕೈಗೆ ಪೇಡೆ ಕೊಟ್ಟ. ಕೂಸು ಅವಳ ಮೂಗು ಹಿಡಿದು ಎಳೆಯಿತು. ಅಷ್ಟು ಸಂತೋಷ ಅವಳಿಗೆ ರ‍್ಯಾಂಕ್ ಬಂದಾಗಲೂ ಆಗಿರಲಿಲ್ಲ.

ಅವರು ಹೋದ ಮೇಲೆ ಗುರುವಿನ ಮುಂದೆ ನಿಂತಳು.

"ತಿಳೀತ್ರಿ ಸರ."

"ತಿಳೀತು ಅಂತ ಕಾಳಪ್ಪನೂ ಅಂದಿದ್ದ. ಮಾಡಿ ತೋರ್ಸು."

ಹುಲಿಗೆಮ್ಮ ಅಂಗಡಿಯಲ್ಲಿ ಕಣ್ಣಾಡಿಸಿದಳು. ಗಿರಾಕಿಗಳು ಯಾರೂ ಇರಲಿಲ್ಲ. ಗುರುವಿನ ಕನ್ನಡಕದ ಪಕ್ಕದಲ್ಲಿ ಕಣ್ಣಿನ ಹನಿಯ ಸೀಸೆ ಇತ್ತು. ಹನಿ ಹಾಕಿಕೊಳ್ಳುವ ಹೊತ್ತೂ ಆಗಿತ್ತು. ಸೀಸೆ ತೆಗೆದುಕೊಂಡು, ಹಲಗೆ ಎತ್ತಿ ಹೊರಗೆ ಬಂದು ಬೆಂಚಿನ ಮೇಲೆ ಕೂತಳು. ಪಕ್ಕದ ಜಾಗ ತಟ್ಟಿದಳು.

"ಬರ್ರಿ ಸರ. ಕಪಾಟಿನ ಹಿಂದ ಬ್ಯಾಡ. ನನ್ನ ಮುಂದ ಹಾಕೊಂಡು ತೋರಸ್ರಿ."

ಅಂದಾನಯ್ಯನವರು ಅವಳನ್ನೊಮ್ಮೆ ನೋಡಿದರು. ಹೊರಗೆ ಬಂದು ಪಕ್ಕದಲ್ಲಿ ಕೂತರು. ತಲೆ ಹಿಂದಕ್ಕೆ ಒರಗಿಸಿ, ಸೀಸೆ ಎತ್ತಿ ಹಿಡಿದು ಒತ್ತಿದರು. ಹನಿ ಬೀಳುವ ಹೊತ್ತಿಗೆ ಸರಿಯಾಗಿ ರೆಪ್ಪೆ ಮುಚ್ಚಿಕೊಂಡಿತು. ಹನಿ ಮೂಗಿನ ಪಕ್ಕದಿಂದ ಜಾರಿ ಮೀಸೆಯೊಳಗೆ ಇಳಿಯಿತು.

ಹುಲಿಗೆಮ್ಮ ತುಟಿ ಕಚ್ಚಿ ನಗು ತಡೆದಳು. ಗುರು ಬೆರಳಿನಿಂದ ಮೀಸೆ ಮುಟ್ಟಿ ನೋಡಿಕೊಂಡರು. ಆಮೇಲೆ ಹೊಟ್ಟೆ ಅಲುಗಾಡುವಂತೆ ನಗತೊಡಗಿದರು.

"ಎಲ್ಡು ವರ್ಷದಿಂದ ಔಷಧಿ ಮೀಸಿಗೆ ಹಾಕೀನವ್ವ," ಎಂದರು. "ಹಾಕೊಂಡು ತೋರಸ್ರಿ ಅಂತ ನನಗ ಯಾರೂ ಕೇಳಿದ್ದಿಲ್ಲ."