ಹುಲಿಗೆವ್ವನ ಕೈಯಲ್ಲಿ ಎರಡು ಮಡಕೆಚೂರು

ಧಾರವಾಡದಲ್ಲಿ ರಾಷ್ಟ್ರೀಯ ಪುರಾತತ್ವ ಸಮ್ಮೇಳನ ನಡೆದಿತ್ತು. ರಾಯಚೂರು ಕಡೆಯ ಉತ್ಖನನಗಳಲ್ಲಿ ಇಪ್ಪತ್ತು ವರ್ಷ ಮಣ್ಣು ಕೆದರಿದ್ದ ಕೂಲಿ ಹುಲಿಗೆವ್ವನಿಗೂ ಆಮಂತ್ರಣ ಹೋಗಿತ್ತು. ಹೊಸ ಇಳಕಲ್ ಸೀರೆಯುಟ್ಟು ಬಂದವಳು ನೇರ ಮೊದಲ ಸಾಲಿನಲ್ಲಿ ಕೂತಳು.

ಸಮ್ಮೇಳನ ನಡೆಸುತ್ತಿದ್ದ ಪ್ರೊಫೆಸರ್ ಹಂಪಣ್ಣವರ್ ಹುಬ್ಬು ಗಂಟಿಕ್ಕಿದರು. "ಇದು ವಿದ್ವಾಂಸರ ಸಾಲು. ಎದ್ದು ಹಿಂದ ಹೋಗವಾ."

"ನನ್ನೂ ಕರದಾರ್ರೀ ಸರ. ನನಗೂ ಈ ಕೆಲಸ ಗೊತ್ತೈತ್ರಿ."

"ಹೌದಾ?" ಪ್ರದರ್ಶನದ ಮೇಜಿನ ಮೇಲಿದ್ದ ಎರಡು ಮಡಕೆಚೂರುಗಳನ್ನು ಅವಳ ಕೈಗಿಟ್ಟರು. "ಒಂದು ಎರಡು ಸಾವಿರ ವರ್ಷದ್ದು. ಇನ್ನೊಂದು ಹೋದ ತಿಂಗಳು ಮಾಡಿಸಿದ ನಕಲು. ಹಳೇದು ಯಾವುದು? ತಪ್ಪಿದ್ರ ಎದ್ದು ಹೋಗಬೇಕು."

ಹುಲಿಗೆವ್ವ ಎರಡರ ಅಂಚನ್ನೂ ಹೆಬ್ಬೆರಳಿನಿಂದ ಸವರಿದಳು. ಆಮೇಲೆ ಎದ್ದು ನಿಂತು, ಕಲ್ಲುಹಾಸಿನ ಮೇಲೆ ಎರಡೂ ಕೈ ಚಾಚಿದಳು.

"ಎಡಗೈದು ಬಿಡ್ಲೇನ್ರಿ ಸರ?"

ಪ್ರೊಫೆಸರ್ ನಕ್ಕರು.

"ಹಂಗಾರ ಬಲಗೈದು?" ಎಂದು ಬೆರಳು ಸಡಿಲಿಸಿದಂತೆ ಮಾಡಿದಳು.

"ಅಯ್ಯೋ, ಬ್ಯಾಡ!" ಪ್ರೊಫೆಸರ್ ಮೊಣಕಾಲೂರಿ ಬೊಗಸೆಯೊಡ್ಡಿದರು. ಚೂರು ಮಾತ್ರ ಅವಳ ಕೈಯಲ್ಲೇ ಭದ್ರವಾಗಿತ್ತು.

ಸಭೆಯೆಲ್ಲ ನಕ್ಕಿತು. ಪ್ರೊಫೆಸರ್ ಮುಖ ಕೆಂಪಾಯಿತು. "ಇದು ಬರೇ ಉಪಾಯ. ವಿದ್ಯಾ ಅಲ್ಲ."

"ಮುಟ್ಟಿದ ಕೂಡ್ಲೆ ತಿಳದಿತ್ರಿ. ಹಳೇದರ ಅಂಚು ಸವದೈತಿ, ಹೊಸಾದು ಬೆರಳಿಗೆ ಚುಚ್ಚತೈತಿ. ಆದ್ರ ನಾ ಹೇಳಿದ್ರ ಅಂದಾಜು ಹೊಡದ್ಲು ಅಂತಿದ್ರಿ. ಅದಕ್ಕ ನಿಮ್ಮ ಬಾಯಿಂದನ ಹೇಳಿಸಿದೆ."

ಪ್ರೊಫೆಸರ್ ನಕಲಿನ ಅಂಚನ್ನು ಸವರಿ ನೋಡಿದರು. ಬೆರಳಿಗೆ ಚುಚ್ಚಿತು. "ನಿಮ್ಮ ಹೆಸರೇನ್ರಿ?" ಎಂದು ಕೇಳಿದರು.

"ಹುಲಿಗೆವ್ವ ರೀ," ಎಂದು ಇಡೀ ಸಭೆಗೆ ಕೇಳುವಂತೆ ಹೇಳಿ, ಸೆರಗು ಸರಿಮಾಡಿಕೊಂಡು ಮೊದಲ ಸಾಲಿನಲ್ಲೇ ಕೂತಳು.