ನೂರು ತೋರಿಸಿದ ಹಳೇ ಬ್ಯಾಟರಿ

ಒಂದು ಕಾಡಿನಲ್ಲಿ ಪ್ರಾಣಿಗಳೆಲ್ಲ ಸೇರಿ ಒಂದು ಲ್ಯಾಪ್‌ಟಾಪ್ ಇಟ್ಟುಕೊಂಡಿದ್ದವು. ನಗಬೇಡಿ, ಅದು ಸಿನಿಮಾ ನೋಡುವುದಕ್ಕಲ್ಲ. ಹೊಳೆಗೆ ಹೋಗುವ ದಾರಿಯಲ್ಲಿ ಬೇಟೆಗಾರರು ತಂತಿಯ ಉರುಳು ಕಟ್ಟುತ್ತಿದ್ದರು. ಆ ದಾರಿಯ ಮರಗಳಲ್ಲಿದ್ದ ಕ್ಯಾಮೆರಾಗಳ ಚಿತ್ರ ಲ್ಯಾಪ್‌ಟಾಪಿನಲ್ಲಿ ಕಾಣುತ್ತಿತ್ತು. ಕೆಂಚವ್ವ ಎಂಬ ಮೊಲ ಗುಡ್ಡದ ಬಂಡೆಯ ಮೇಲೆ ಕೂತು ಅದನ್ನು ನೋಡುತ್ತಿದ್ದಳು. ಬೇಟೆಗಾರ ಕಂಡರೆ ಹಿಂಗಾಲಿನಿಂದ ನೆಲ ಬಡಿಯುತ್ತಿದ್ದಳು. ಆ ಸದ್ದು ಕೇಳಿದರೆ ಎಲ್ಲರೂ ನಿಂತಲ್ಲೇ ನಿಲ್ಲಬೇಕು.

ಬೆಳಿಗ್ಗೆ ಬಯಲಿನ ಸೋಲಾರಿನಲ್ಲಿ ಚಾರ್ಜ್ ಮಾಡಿ, ಮಧ್ಯಾಹ್ನ ಅದನ್ನು ಬಂಡೆಗೆ ಹೊತ್ತು ತರುತ್ತಿದ್ದರು. ಹೊಸದರಲ್ಲಿ ಅದು ಹೊತ್ತು ಮುಳುಗುವವರೆಗೂ ನಡೆಯುತ್ತಿತ್ತು. ವರ್ಷಗಳು ಕಳೆದವು. ದಿನಾ ಚಾರ್ಜು, ದಿನಾ ಬಿಸಿಲು. ಬ್ಯಾಟರಿಗೂ ವಯಸ್ಸಾಯಿತು, ಅದೇನು ಅದರ ತಪ್ಪಲ್ಲ. ಈಗೀಗ ಬಿಸಿಲು ಇಳಿಯುವ ಮೊದಲೇ ಪರದೆ ಕಪ್ಪಾಗತೊಡಗಿತು.

"ಹೊಸ ಬ್ಯಾಟರಿ ಬೇಕು," ಎಂದಳು ಕೆಂಚವ್ವ.

ಪೇಟೆಯ ದಾರಿ ಗೊತ್ತಿದ್ದದ್ದು ನರಿ ಜಾಣಪ್ಪನಿಗೆ ಮಾತ್ರ. ಕರಡಿ ಹೊಟ್ಟೆ ಕಟ್ಟಿ ಕೂಡಿಟ್ಟ ಜೇನನ್ನೆಲ್ಲ, ಅಳತೆಗೆಂದು ಹಳೇ ಬ್ಯಾಟರಿಯನ್ನೂ ಅವನ ಕೈಗೆ ಕೊಟ್ಟು, "ಜೇನು ಕೊಟ್ಟು ಹೊಸ ಬ್ಯಾಟರಿ ತಾ," ಎಂದಿತು. ಆ ಕಳ್ಳ ಏನು ಮಾಡಿದ ಗೊತ್ತೇ? ಪೇಟೆಯ ಕಡೆ ತಲೆ ಹಾಕಿಯೂ ಮಲಗಲಿಲ್ಲ. ಪೊದೆಯಲ್ಲಿ ಕೂತು ಅಷ್ಟೂ ಜೇನು ನೆಕ್ಕಿದ. ಹಳೇ ಬ್ಯಾಟರಿಯನ್ನೇ ಎಲೆಯಿಂದ ಉಜ್ಜಿ, ಫಳಫಳ ಮಾಡಿ ತಂದು ಹಾಕಿದ. ಹೇಳುವಾಗ ನನಗೇ ಮೈ ಉರಿಯುತ್ತದೆ.

ಚಾರ್ಜ್ ಆದ ಮೇಲೆ ಪರದೆಯ ಮೂಲೆ ತೋರಿಸಿ, "ನೋಡಿ, ನೂರಕ್ಕೆ ನೂರು. ಹೊಸ ಮಾಲು," ಎಂದ. ಎಲ್ಲರೂ ಬಾಲ ಬಡಿದು ಮೆಚ್ಚಿದರು.

ಕೆಂಚವ್ವ ಒಬ್ಬಳೇ, "ಎಷ್ಟು ಹೊತ್ತು ನಡೆಯುತ್ತೆ ಅಂತ ಇವತ್ತೊಂದು ದಿನ ನೋಡೋಣ. ಆಮೇಲೆ ಹೊಳೆಗೆ ಹೋಗಿ," ಎಂದಳು. ಅವಳ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಅಂದೇ ಜಿಂಕೆ ಚುಕ್ಕಮ್ಮನ ಮರಿ ಹೊಳೆಗೆ ಇಳಿಯಿತು. ಅದು ನೀರಿಗೆ ಬಾಯಿ ಹಾಕುವಷ್ಟರಲ್ಲಿ ಪರದೆ ಕಪ್ಪಾಯಿತು. ಕೆಂಚವ್ವ ನೆಲ ಬಡಿದಳು. ಹೊಳೆಯ ಸದ್ದಿನಲ್ಲಿ ಮರಿಗೆ ಕೇಳಲಿಲ್ಲ. ಅವಳೇ ಎದ್ದು ಓಡಿದಳು. ಅಷ್ಟರಲ್ಲಿ ಬೇಟೆಗಾರ ದಾರಿಯಲ್ಲಿ ಉರುಳು ಕಟ್ಟಿ ಹೋಗಿದ್ದ, ನೀರು ಕುಡಿದು ತಿರುಗಿ ಬರುತ್ತಿದ್ದ ಮರಿಯ ಕಾಲು ಅದಕ್ಕೆ ಸಿಕ್ಕಿ ಎಲುಬು ಕಾಣುವಷ್ಟು ಕೊಯ್ದುಹೋಗಿತ್ತು. ಕಾಡಿನ ಹಿರಿಯ ಆನೆ ದೊಡ್ಡಯ್ಯ ಬಂದು ಗೂಟ ಕಿತ್ತು ಬಿಡಿಸಿದ.

ಬೈಗುಳ ಯಾರಿಗೆ ಬಿತ್ತು? ಕೆಂಚವ್ವನಿಗೆ.

"ಬಂಡೆ ಬಿಟ್ಟು ಯಾಕೆ ಓಡಿದೆ?" ಎಂದು ಕರಡಿ ಗದರಿಸಿತು.

"ಹೊಚ್ಚ ಹೊಸ ಬ್ಯಾಟರಿಯನ್ನು ಒಂದೇ ದಿನಕ್ಕೆ ಹಾಳು ಮಾಡಿದ್ದಾಳೆ. ಇಂಥವಳು ನಮ್ಮ ಕಾಡಿನಲ್ಲಿ ಇರಬಾರದು," ಎಂದ ಜಾಣಪ್ಪ. ಎಂಥ ನಾಚಿಕೆಗೆಟ್ಟ ನಾಲಿಗೆ ನೋಡಿ. ಎಲ್ಲರೂ ಅದಕ್ಕೆ ಹೂಂಗುಟ್ಟಿದರು. ನಾಳೆ ಹೊತ್ತು ಮುಳುಗುವುದರೊಳಗೆ ಮರಿಗಳನ್ನು ಕರೆದುಕೊಂಡು ಕಾಡು ಬಿಡು ಎಂದರು. ಕೆಂಚವ್ವನ ಮರಿಗಳು ಇನ್ನೂ ಹಾಲು ಬಿಟ್ಟಿರಲಿಲ್ಲ.

ಅವಳು ದೊಡ್ಡಯ್ಯನ ಮುಂದೆ ಹೋಗಿ ನಿಂತಳು. "ದೊಡ್ಡಯ್ಯ, ನಮ್ಮ ಕೆರೆ ನೋಡಿ. ಹೂಳು ತುಂಬಿದ ಮೇಲೆ ಒಂದೇ ಮಳೆಗೆ ಕೋಡಿ ಬೀಳುತ್ತೆ. ಹಾಗಂತ ಬೇಸಿಗೆಗೆ ನೀರು ಉಳಿಯುತ್ತಾ? ಬ್ಯಾಟರಿಯೂ ಹಾಗೇ. ನೂರು ಅಂದರೆ ಈಗ ಹಿಡಿಸುವಷ್ಟು ತುಂಬಿದೆ ಅಂತ. ಮೊದಲಿನಷ್ಟು ಹಿಡಿಸುತ್ತೆ ಅಂತಲ್ಲ. ಇದು ಹಳೇದೇ."

ಕೆರೆಯ ಮಾತು ಆನೆಗೆ ಹೇಳಿಕೊಡಬೇಕೇ? ದೊಡ್ಡಯ್ಯ ನರಿಯ ಕಡೆ ತಿರುಗಿದ. "ಜಾಣಪ್ಪ, ಬ್ಯಾಟರಿ ಹೊಸದೇ ತಾನೇ?"

"ನನ್ನ ತಲೆಯಾಣೆಗೂ ಹೊಸದು."

"ಹಾಗಿದ್ದರೆ ಮರಿಯ ಗಾಯಕ್ಕೆ ಹೊಳೆಯಾಚೆಯ ಸೊಪ್ಪು ಬೇಕು, ನಾಳೆ ನೀನೇ ಹೋಗಿ ತಾ. ಕೆಂಚವ್ವ ಪರದೆ ನೋಡುತ್ತಾಳೆ. ನಾನು ಅವಳ ಪಕ್ಕದಲ್ಲೇ ಇರುತ್ತೇನೆ."

ಒಲ್ಲೆ ಅಂದರೆ ಗುಟ್ಟು ರಟ್ಟಾಗುತ್ತದೆ. ಬೇಗ ಹೋಗಿ ಬಂದರಾಯಿತು ಎಂದುಕೊಂಡು ಜಾಣಪ್ಪ ಮರುದಿನ ಹೊರಟ. ಆದರೆ ಅಷ್ಟೂ ಜೇನು ತಿಂದ ಹೊಟ್ಟೆ ಸುಮ್ಮನಿರುತ್ತದೆಯೇ? ದಾರಿಯುದ್ದಕ್ಕೂ ಪೊದೆ ಹುಡುಕಿ ಕೂರಬೇಕಾಯಿತು. ಸೊಪ್ಪು ಕಿತ್ತು ತಿರುಗಿ ಬರುವಾಗ ದೊಡ್ಡಯ್ಯನ ದನಿ ಗುಡ್ಡದಿಂದ ಕೇಳಿಸಿತು.

"ಜಾಣಪ್ಪ, ಪರದೆ ಕಪ್ಪಾಗಿದೆ. ಮುಂದೆ ಉರುಳು ಇದೆಯೋ ಇಲ್ಲವೋ ನಮಗೆ ಗೊತ್ತಿಲ್ಲ."

ನರಿ ಎತ್ತಿದ ಕಾಲನ್ನು ಇಳಿಸಲಿಲ್ಲ. ಹಿಂದೆ ಹೋಗಲೂ ಹೆದರಿಕೆ, ಮುಂದೆ ಬರಲೂ ಹೆದರಿಕೆ.

"ಹೊಸ ಬ್ಯಾಟರಿಯಲ್ಲವೇ, ಹೆದರಿಕೆ ಯಾಕೆ? ನಡಿ," ಎಂದ ದೊಡ್ಡಯ್ಯ.

"ಹೊಸದಲ್ಲ ದೊಡ್ಡಯ್ಯ, ಹಳೇದೇ. ಜೇನು ನಾನೇ ತಿಂದೆ. ಹೇಗಾದರೂ ಮಾಡಿ ನನ್ನನ್ನು ಇಲ್ಲಿಂದ ಕರೆದುಕೊಂಡು ಹೋಗಿ," ಎಂದು ನರಿ ಗೋಗರೆಯಿತು. ಅಷ್ಟರಲ್ಲಿ ಕರಡಿ ಗುಡ್ಡ ಇಳಿದು ಬರುವುದು ಕಾಣಿಸಿತು. ಜಾಣಪ್ಪ ಪಕ್ಕದ ಪೊದೆಗೆ ನುಸುಳಲು ಹೋದ. ತಂತಿ ಅವನ ಕಾಲನ್ನು ಬಿಗಿಯಾಗಿ ಹಿಡಿಯಿತು. ಅವನು ಕಿರುಚಿಕೊಂಡ.

ಮೊದಲು ಬಂದವಳು ಚುಕ್ಕಮ್ಮ. "ನನ್ನ ಮಗೂನೂ ಹೀಗೇ ಕೂಗಿತು ಕಣೋ," ಎಂದಳು. ಬಿದ್ದಿದ್ದ ಸೊಪ್ಪನ್ನು ಬಾಯಲ್ಲಿ ಎತ್ತಿಕೊಂಡು ಹೋದಳು, ಅವನ ಕಡೆ ಮತ್ತೆ ನೋಡಲಿಲ್ಲ. ದೊಡ್ಡಯ್ಯ ಗೂಟ ಕಿತ್ತು, "ಇನ್ನು ಈ ಕಾಡಿನಲ್ಲಿ ನಿನ್ನ ಮುಖ ಕಾಣಬಾರದು," ಎಂದ. ನರಿ ಕುಂಟುತ್ತ ಹೋಯಿತು.

ಕರಡಿ ತಲೆ ಕೆರೆದುಕೊಂಡು, "ತಪ್ಪಾಯಿತು ಕೆಂಚವ್ವ. ಬಂಡೆ ಮೇಲೆ ನೀನೇ ಕೂರು," ಎಂದಿತು.

ಕೆಂಚವ್ವನ ಸಿಟ್ಟು ನೆತ್ತಿಗೇರಿತು. "ಅವನು ಕಳ್ಳ, ಸರಿ. ನೀವೇನು? ನೂರು ಅಂತ ಕಂಡಿದ್ದೇ ಬಾಲ ಬಡಿದಿರಿ. ಎಷ್ಟು ಹೊತ್ತು ನಡೆಯುತ್ತೆ ನೋಡೋಣ ಅಂದಾಗ ಒಬ್ಬರೂ ಕೇಳಲಿಲ್ಲ. ನನ್ನ ಮರಿಗಳನ್ನು ಹೊರಗೆ ಹಾಕೋಕೆ ಮಾತ್ರ ಎಲ್ಲರಿಗೂ ಬಾಯಿ ಬಂತು. ಹೊಸ ಬ್ಯಾಟರಿ ಬರಲಿ, ಒಂದು ದಿನ ಪೂರ್ತಿ ನಡೆಸಿ ನೋಡುತ್ತೇನೆ. ಅಲ್ಲಿಯವರೆಗೆ ಯಾರ ಮರಿಯೂ ಹೊಳೆಗೆ ಇಳಿಯಕೂಡದು."

ಕರಡಿ ಮತ್ತೆ ಜೇನು ಕೂಡಿಡಲು ಹೊರಟಿತು, ಪೇಟೆಯ ದಾರಿ ಹುಡುಕುವ ಹೊಣೆಯನ್ನೂ ತಾನೇ ಹೊತ್ತುಕೊಂಡಿತು. ಹೊಸದು ಬರುವವರೆಗೆ ದೊಡ್ಡಯ್ಯನೇ ಸೊಂಡಿಲಲ್ಲಿ ನೀರು ತಂದು ಮರಿಗಳಿಗೆ ಕುಡಿಸಿದ. ಚುಕ್ಕಮ್ಮನ ಮರಿ ಬದುಕಿತು. ಆದರೆ ಅದು ಮತ್ತೆಂದೂ ಓಡಲಿಲ್ಲ.

ನೀತಿ: ಬ್ಯಾಟರಿ ನೂರು ತೋರಿಸಿದರೆ ಸಾಲದು, ಹೊಸದರಲ್ಲಿ ನಡೆದಷ್ಟು ಹೊತ್ತು ಈಗಲೂ ನಡೆಯುತ್ತದೆಯೇ ಎಂದು ನೋಡಬೇಕು. ನೋಡದೆ ನಂಬಿ ಕೆಟ್ಟವರು, ಎಚ್ಚರಿಸಿದವರ ತಲೆಗೆ ತಪ್ಪು ಕಟ್ಟಬಾರದು.