ಗೋಮಾಳದ ಎರಡು ಬೆಳವಕ್ಕಿಗಳು

ಬೇಟೆಗಾರರು ಇಬ್ಬರು, ಬಲೆ ಎರಡು, ಬೆಳಗಿನಿಂದ ಬಂದ ಹಕ್ಕಿ ಸೊನ್ನೆ. ಆದರೂ ಸಂಜೆಗೆ ಎರಡು ಬಲೆಯೂ ಭರ್ತಿ. ಹೇಗೆ? ತಲೆ ಕೆರೆದುಕೊಳ್ಳಬೇಡಿ, ನಿಮಗೆ ಹೊಳೆಯೋದಿಲ್ಲ.

ಊರಿಗೆಲ್ಲ ಸೇರಿದ ಗೋಮಾಳದ ಮೂಡಣ ತುದಿಯಲ್ಲಿ ಸಣ್ಣೋಬಯ್ಯ ತಾನು ಸಾಕಿದ ಬೆಳವಕ್ಕಿ ಚಿನ್ನಿಯ ಕಾಲಿಗೆ ಹುರಿ ಬಿಗಿದು ಗೂಟಕ್ಕೆ ಕಟ್ಟಿದ. ಅವಳು ಕೂಗಿ ಕೂಗಿ ಕಾಡು ಬೆಳವಗಳನ್ನು ಕರೆಯಬೇಕು. "ಇವತ್ತೂ ಒಂದೂ ಬರಲಿಲ್ಲ ಅಂದ್ರೆ ನಿನ್ನನ್ನೇ ಸಾರು ಮಾಡ್ತೀನಿ" ಎಂದು ಹೇಳಿ, ಬಲೆ ಹಿಡಿದು ಪೊದೆ ಹಿಂದೆ ಕೂತ.

ಚಿನ್ನಿ ಗಂಟಲು ಹರಿಯುವಂತೆ ಕೂಗಿದಳು. "ಬಾರೇ ಅಕ್ಕ, ಇಲ್ಲಿ ರಾಗಿ ಚೆಲ್ಲಿದೆ!"

ಪಡುವಣ ತುದಿಯಿಂದ ಉತ್ತರ ಬಂತು. "ನೀನೇ ಬಾರೇ ತಂಗಿ, ಇಲ್ಲಿ ನವಣೆ ರಾಶಿ ಬಿದ್ದಿದೆ!"

"ಬರೋಣ ಅಂದ್ರೆ ನನಗೆ ಕಾಲುನೋವು."

"ನನಗೂ ಕಾಲುನೋವೇ."

ಹೀಗೇ ಹೊತ್ತು ಇಳಿಯಿತು. ಕೊನೆಗೆ ಚಿನ್ನಿ ಕೇಳಿದಳು, "ಅಕ್ಕಾ, ನಿಜ ಹೇಳು. ನಿನ್ನ ಕಾಲಿಗೂ ಹುರಿನಾ?"

"ಹೂಂ ಕಣೇ. ನಮ್ಮ ತಿಪ್ಪಯ್ಯ ಆಗಲೇ ಸಾರಿಗೆ ಈರುಳ್ಳಿ ಹೆಚ್ಚಿಟ್ಟು ಬಂದಿದ್ದಾನೆ."

"ಹಾಗಾದ್ರೆ ಇನ್ನೂ ಜೋರಾಗಿ ಕೂಗೋಣ. ಹಿಡಿಯೋರು ಬಂದು ಹಿಡೀಲಿ."

ಕೂಗು ಜೋರಾದಂತೆ ಇಬ್ಬರು ಬೇಟೆಗಾರರಿಗೂ ಎದುರು ತುದಿಯ ಹಕ್ಕಿ ಭಾರಿ ಕೊಬ್ಬಿದ್ದು ಅನ್ನಿಸಿತು. ಬಲೆ ಹಿಡಿದು ಇಬ್ಬರೂ ತೆವಳಿಕೊಂಡು ಹೊರಟರು. ನಡುವಿನ ಲಂಟಾನ ಪೊದೆ ಅಲುಗಿತು. ಎರಡು ಕಡೆಯಿಂದಲೂ ಒಟ್ಟಿಗೇ ಬಲೆ ಬಿತ್ತು.

"ಬಿಡೋ, ನಾನು ಕಣೋ ಸಣ್ಣೋಬ!"

"ಮೊದಲು ನನ್ನ ಬಿಡೋ, ಮೀಸೆ ಸಿಕ್ಕಿಹಾಕಿಕೊಂಡಿದೆ!"

ಅವರು ಬಿಡಿಸಿಕೊಳ್ಳುವಷ್ಟರಲ್ಲಿ ಚಿನ್ನಿ ಕೊಕ್ಕಿನಿಂದ ಹುರಿ ಕಡಿದು, ಅಕ್ಕನನ್ನೂ ಬಿಡಿಸಿಕೊಂಡು ಹಾರಿಹೋದಳು.

ಈ ಕೊನೆಯ ಸಾಲು ಮಾತ್ರ ನಾನು ಕಟ್ಟಿದ್ದು. ರಾಗಿ ಹೆಕ್ಕುವ ಕೊಕ್ಕಿಗೆ ಹುರಿ ಕಡಿಯೋಕಾಗುತ್ತಾ? ಆದರೆ ಸಾರು ಕುದಿಯೋ ಕಡೆ ಕತೆ ನಿಲ್ಲಿಸೋಕೆ ಮನಸ್ಸು ಬರಲಿಲ್ಲ.